ಗಾಯ ಮುಚ್ಚುವ ಆಪರೇಷನ್‌ಗೆ ಮೊದಲು ಇಷ್ಟೊಂದು ಪರೀಕ್ಷೆ ಯಾಕೆ?

ಕಾಲಿನ ಗಾಯ ತಿಂಗಳುಗಟ್ಟಲೆ ಮಾಯುತ್ತಿಲ್ಲ. ಡ್ರೆಸ್ಸಿಂಗ್ ಮಾಡಿಸಿ ಮಾಡಿಸಿ ಮನೆಯವರಿಗೆಲ್ಲ ಸಾಕಾಗಿದೆ. ಕೊನೆಗೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋದರೆ, ಆಪರೇಷನ್ ಮಾಡಬಹುದು ಅನ್ನುತ್ತಾರೆ, ಆದರೆ ತಾರೀಕು ಮಾತ್ರ ಕೊಡುವುದಿಲ್ಲ. ಬದಲಿಗೆ ರಕ್ತಪರೀಕ್ಷೆ, ಎಕ್ಸ್‌ರೇ, ರಕ್ತನಾಳದ ಸ್ಕ್ಯಾನ್, ಹೃದಯದ ಎಕೋ ಅಂತ ಉದ್ದದ ಚೀಟಿ ಬರೆದುಕೊಡುತ್ತಾರೆ. ಸಿಗರೇಟು ಬಿಡಿ, ಶುಗರ್ ಇಳಿಸಿ, ಆಮೇಲೆ ನೋಡೋಣ ಅನ್ನುತ್ತಾರೆ. ಗಾಯ ಇರುವುದು ಕಾಲಿನಲ್ಲಿ, ಪರೀಕ್ಷೆ ಇಡೀ ಮೈಗೆ. ಇದೇನಪ್ಪ ಅನ್ನಿಸುವುದು ಸಹಜ.

ಆ ಚೀಟಿಯ ಹಿಂದೆ ಒಂದು ಲೆಕ್ಕ ಇದೆ. ಗಾಯ ಮುಚ್ಚಲು ಬೇಕಾದ ಚರ್ಮ, ಮಾಂಸ ಎರಡೂ ಸಾಮಾನ್ಯವಾಗಿ ಅದೇ ಮೈಯಿಂದ ಬರಬೇಕು, ಅದೇ ಮೈಯಲ್ಲಿ ಬದುಕಬೇಕು. ತೆಗೆದು ಗಾಯಕ್ಕೆ ಹಾಕಿದ್ದು ಹಾಳಾದರೆ ಮತ್ತೆ ಇದ್ದಲ್ಲಿ ಇಡಲು ಆಗುವುದಿಲ್ಲ. ಆಗ ರೋಗಿಗೆ ಹಳೆಯ ಗಾಯದ ಜೊತೆ ಹೊಸದೊಂದು ಗಾಯ. ಹಾಗಾಗಿ ಸರ್ಜನ್ ಮೊದಲು ಕೇಳಿಕೊಳ್ಳುವುದು 'ಇದನ್ನು ಹೇಗೆ ಮುಚ್ಚಲಿ' ಅಂತಲ್ಲ, 'ಇದು ಇಷ್ಟು ದಿನ ತಾನಾಗಿ ಯಾಕೆ ಮುಚ್ಚಿಕೊಳ್ಳಲಿಲ್ಲ' ಅಂತ.

ಮುಚ್ಚುವುದಕ್ಕೆ ಇರುವ ದಾರಿಗಳು

ಎಲ್ಲಕ್ಕಿಂತ ಸುಲಭದ್ದು, ಡ್ರೆಸ್ಸಿಂಗ್ ಮಾಡುತ್ತಾ ಗಾಯ ತಾನಾಗಿ ಮಾಯಲು ಬಿಡುವುದು. ಅಂಚುಗಳು ಎಳೆತಕ್ಕೆ ಸಿಗುವ ಹಾಗಿದ್ದರೆ ಹೊಲಿಗೆ ಹಾಕುವುದು ಮುಂದಿನದು. ಅದೂ ಆಗದಿದ್ದರೆ ಸ್ಕಿನ್ ಗ್ರಾಫ್ಟ್, ಅಂದರೆ ಚರ್ಮದ ಕಸಿ. ಸಾಮಾನ್ಯವಾಗಿ ತೊಡೆಯಿಂದ ತೆಳ್ಳನೆಯ ಚರ್ಮದ ಪದರ ತೆಗೆದು ಗಾಯದ ಮೇಲೆ ಹಾಸುತ್ತಾರೆ. ಅದಕ್ಕಿಂತ ದೊಡ್ಡದು ಫ್ಲಾಪ್. ಇದರಲ್ಲಿ ಚರ್ಮದ ಜೊತೆ ಅದರಡಿಯ ಕೊಬ್ಬು, ಕೆಲವೊಮ್ಮೆ ಮಾಂಸಖಂಡವನ್ನೂ ಅದರ ರಕ್ತನಾಳದ ಸಮೇತ ತಿರುಗಿಸಿ ಗಾಯಕ್ಕೆ ಮುಚ್ಚುತ್ತಾರೆ. ಹತ್ತಿರದಲ್ಲಿ ಸಿಗದಿದ್ದರೆ ಮೈಯ ಬೇರೆ ಭಾಗದಿಂದ ಪೂರ್ತಿ ಬಿಡಿಸಿ ತಂದು, 1ರಿಂದ 3 ಮಿಲಿಮೀಟರ್ ಅಗಲದ ರಕ್ತನಾಳಗಳನ್ನು ಮೈಕ್ರೋಸ್ಕೋಪ್ ಕೆಳಗೆ, ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯುತ್ತಾರೆ. ಇದು ಫ್ರೀ ಫ್ಲಾಪ್.

ಗ್ರಾಫ್ಟ್ ಮತ್ತು ಫ್ಲಾಪ್ ನಡುವಿನ ವ್ಯತ್ಯಾಸ ಗೊತ್ತಾದರೆ ಮುಂದಿನ ಅರ್ಧ ಪರೀಕ್ಷೆಗಳು ತಾವಾಗಿಯೇ ಅರ್ಥವಾಗುತ್ತವೆ. ಗ್ರಾಫ್ಟ್ ಅಂದರೆ ಮಣ್ಣೆಲ್ಲ ಒದರಿದ ಬರಿ ಬೇರಿನ ಸಸಿ ತಂದು ನೆಟ್ಟ ಹಾಗೆ. ನೆಲದಲ್ಲಿ ಹಸಿ ಇದ್ದರೆ ಮಾತ್ರ ಹಿಡಿಯುತ್ತದೆ. ಫ್ಲಾಪ್ ಅಂದರೆ ಗಿಡವನ್ನು ಬೇರುಮಣ್ಣಿನ ಜೊತೆಗೆ, ನೀರಿನ ಪೈಪನ್ನೂ ಸೇರಿಸಿ ತಂದ ಹಾಗೆ. ನೆಲ ಬಂಜರಾಗಿದ್ದರೂ ಬದುಕಬಲ್ಲದು, ಪೈಪು ಸರಿಯಿದ್ದರೆ.

ಗ್ರಾಫ್ಟ್ ಹಾಕಿದ ಮೊದಲ ಒಂದೆರಡು ದಿನ ಆ ಚರ್ಮಕ್ಕೆ ಸ್ವಂತ ರಕ್ತವೇ ಇರುವುದಿಲ್ಲ. ಗಾಯದಲ್ಲಿ ಒಸರುವ ದ್ರವವನ್ನೇ ಹೀರಿಕೊಂಡು ಜೀವ ಹಿಡಿದಿರುತ್ತದೆ. ಆಮೇಲೆ ಗಾಯದ ಸಣ್ಣ ರಕ್ತನಾಳಗಳು ಚರ್ಮದ ರಕ್ತನಾಳಗಳನ್ನು ಕೂಡಿಕೊಳ್ಳುತ್ತವೆ. ಸುಮಾರು ಐದರಿಂದ ಏಳು ದಿನಕ್ಕೆ ರಕ್ತ ಸರಿಯಾಗಿ ಹರಿಯತೊಡಗುತ್ತದೆ. ಆ ಜಾಗ ಅಲ್ಲಾಡಿಸಬೇಡಿ ಅಂತ ಡಾಕ್ಟರು ಅಷ್ಟೊಂದು ಹೇಳುವುದು ಇದಕ್ಕೇ. ಚರ್ಮ ಸ್ವಲ್ಪ ಜರುಗಿದರೂ ಕೂಡುತ್ತಿರುವ ನಾಳಗಳು ಹರಿದುಹೋಗುತ್ತವೆ. ಅಡಿಯಲ್ಲಿ ರಕ್ತ ಅಥವಾ ನೀರು ತುಂಬಿಕೊಂಡರೂ ಅಷ್ಟೆ, ಚರ್ಮಕ್ಕೂ ಗಾಯಕ್ಕೂ ಸಂಪರ್ಕ ತಪ್ಪುತ್ತದೆ.

ಗಾಯದ ಹಿಂದಿನ ಕಥೆ

ಯಾವಾಗ ಆಯಿತು, ಹೇಗೆ ಆಯಿತು, ನೋವಿದೆಯಾ, ಯಾವ ಹೊತ್ತಿನಲ್ಲಿ ನೋವು ಜಾಸ್ತಿ? ಇವು ಸುಮ್ನೆ ಮಾತಿಗೆ ಕೇಳುವ ಪ್ರಶ್ನೆಗಳಲ್ಲ. ಅಂಗಾಲಿನಲ್ಲಿ ಮೊಳೆ ಚುಚ್ಚಿಕೊಂಡಿದ್ದು ಗೊತ್ತೇ ಆಗಲಿಲ್ಲ ಅಂದರೆ ಸಕ್ಕರೆ ಕಾಯಿಲೆಯಿಂದ ನರಗಳು ಸ್ಪರ್ಶ ಕಳೆದುಕೊಂಡಿರಬಹುದು. ಡಾಕ್ಟರು ಆಗ ನೈಲಾನ್ ಎಳೆಯಂಥದ್ದನ್ನು ಪಾದಕ್ಕೆ ಒತ್ತಿ ನೋಡುತ್ತಾರೆ. ಅದು ಬಾಗುವಾಗ ಬೀಳುವ ಒತ್ತಡ 10 ಗ್ರಾಂ. ಅಷ್ಟೂ ಗೊತ್ತಾಗದಿದ್ದರೆ ಆ ಪಾದ ಮತ್ತೆ ಗಾಯ ಮಾಡಿಕೊಳ್ಳುವ ಅಪಾಯ ಹೆಚ್ಚು.

ಗಣಕಾಲಿನ ಒಳಬದಿಯ ಗಂಟಿನ ಹತ್ತಿರ ಗಾಯವಿದ್ದು, ಸುತ್ತಲೂ ಚರ್ಮ ಕಪ್ಪಾಗಿ, ಕಾಲು ಊದಿಕೊಂಡಿದ್ದರೆ ಅನುಮಾನ ಅಶುದ್ಧ ರಕ್ತ ವಾಪಸ್ ಒಯ್ಯುವ ನಾಳಗಳ ಮೇಲೆ. ಬೆರಳ ತುದಿಯ ಗಾಯ, ರಾತ್ರಿ ಮಲಗಿದಾಗ ನೋವು, ಕಾಲನ್ನು ಮಂಚದಿಂದ ಇಳಿಬಿಟ್ಟರೆ ನೆಮ್ಮದಿ ಅಂದರೆ ಶುದ್ಧ ರಕ್ತವೇ ಕೆಳಗೆ ತಲುಪುತ್ತಿಲ್ಲ ಎಂಬ ಸೂಚನೆ. ಸೊಂಟದ ಹಿಂಭಾಗದಲ್ಲಿ ಅಥವಾ ಕುಂಡೆಯ ಮೂಳೆಯ ಮೇಲಿದ್ದರೆ ಒಂದೇ ಮಗ್ಗುಲಲ್ಲಿ ಒತ್ತಿಕೊಂಡಿದ್ದರಿಂದ ಆದ ಹಾಸಿಗೆ ಹುಣ್ಣು. ಮೂಲ ಹಾಗೇ ಉಳಿದರೆ ಎಷ್ಟು ಚೆಂದಾಗಿ ಮುಚ್ಚಿದರೂ ಅದೇ ಜಾಗ ಮತ್ತೆ ತೆರೆದುಕೊಳ್ಳುತ್ತದೆ.

ವರ್ಷಗಟ್ಟಲೆ ಹಳೆಯ ಗಾಯದಲ್ಲಿ ಇನ್ನೊಂದು ಭಯ ಇರುತ್ತದೆ. ಬಹಳ ಹಿಂದೆ ಸುಟ್ಟ ಕಲೆ, ಆಗಾಗ ಒಡೆಯುವ ಹುಣ್ಣು ಇಂಥವುಗಳಲ್ಲಿ ಕೆಲವೊಮ್ಮೆ ಚರ್ಮದ ಕ್ಯಾನ್ಸರ್ ಹುಟ್ಟಿಕೊಳ್ಳುತ್ತದೆ. ಇದನ್ನು ಮಾರ್ಜೊಲಿನ್ ಹುಣ್ಣು ಅನ್ನುತ್ತಾರೆ. ಇಂಥ ಗಾಯಗಳನ್ನು 1828ರಲ್ಲಿ ವಿವರಿಸಿದ ಫ್ರೆಂಚ್ ಸರ್ಜನ್ ಜಾನ್ ನಿಕೊಲಾ ಮಾರ್ಜೊಲಿನ್ ಹೆಸರು ಅದಕ್ಕಿದೆ. ಅಂಚು ದಪ್ಪಗಾಗಿ ಹೊರಗೆ ಮಡಚಿಕೊಂಡಿದ್ದರೆ, ಮುಟ್ಟಿದರೆ ರಕ್ತ ಬಂದರೆ, ಮಾಂಸ ಹೂಕೋಸಿನಂತೆ ಉಬ್ಬಿದ್ದರೆ ಅಂಚಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬಯಾಪ್ಸಿ ಅಂದ ಕೂಡಲೇ ಎದೆ ಝಲ್ಲೆನ್ನುವುದು ಬೇಡ. ಇಲ್ಲ ಎಂದು ಖಚಿತ ಮಾಡಿಕೊಳ್ಳಲೂ ಅದು ಬೇಕು.

ಕತ್ತಿ ಮುಟ್ಟಿಸಿದರೆ ಇನ್ನೂ ಹರಡುವ ಹುಣ್ಣೂ ಒಂದಿದೆ, ಪಯೋಡರ್ಮಾ ಗ್ಯಾಂಗ್ರಿನೋಸಮ್. ನೋಡಲು ಸೋಂಕಿನಂತೆಯೇ ಕಾಣುತ್ತದೆ, ಆದರೆ ಅದು ರೋಗನಿರೋಧಕ ವ್ಯವಸ್ಥೆಯ ಎಡವಟ್ಟು. ಅಲ್ಲಿ ಔಷಧಿಯೇ ಮೊದಲು. ಇದು ಅಪರೂಪ, ಆದರೂ ಅನುಭವಿ ಸರ್ಜನ್ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಗಾಯ ನೋಡುತ್ತಾರೆ.

ಗಾಯದೊಳಗೆ ಏನಿದೆ?

ಉದ್ದ, ಅಗಲ, ಆಳ ಅಳೆಯುತ್ತಾರೆ. ಅಂಚಿನ ಕೆಳಗೆ ಟೊಳ್ಳು ಇದೆಯಾ ಎಂದು ಕಡ್ಡಿ ಹಾಕಿ ನೋಡುತ್ತಾರೆ. ಮೇಲೆ ರೂಪಾಯಿಯಗಲ ಕಂಡ ಹಾಸಿಗೆ ಹುಣ್ಣು ಒಳಗೆ ಅಂಗೈಯಗಲ ಇರುವುದುಂಟು. ಕೆಂಪಗೆ, ಹರಳು ಹರಳಾಗಿ, ತೇವವಾಗಿರುವ ಮಾಂಸ ಕಂಡರೆ ಅಲ್ಲಿ ಗ್ರಾಫ್ಟ್ ಹಿಡಿಯುತ್ತದೆ. ಹಳದಿ ಲೋಳೆಯಂಥದ್ದು, ಕಪ್ಪು ತೊಗಲು ಇದ್ದರೆ ಅದು ಸತ್ತ ಭಾಗ, ಅದನ್ನು ಮೊದಲು ತೆಗೆಯಬೇಕು. ಮೂಳೆ ಕಾಣುತ್ತಿದ್ದರೆ ಅದರ ಮೇಲಿನ ತೆಳು ಪೊರೆ ಉಳಿದಿದೆಯಾ ಎಂದು ನೋಡುತ್ತಾರೆ. ಪೊರೆ ಇದ್ದರೆ ಗ್ರಾಫ್ಟ್ ಹಿಡಿದೀತು, ಬರಿ ಮೂಳೆ ಅಥವಾ ಪೊರೆ ಕಳೆದುಕೊಂಡ ಸ್ನಾಯುರಜ್ಜು (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ) ಇದ್ದರೆ ಹಿಡಿಯುವುದಿಲ್ಲ. ಅಲ್ಲಿಗೆ ಸಾಮಾನ್ಯವಾಗಿ ಫ್ಲಾಪ್ ಬೇಕು. ರೋಗಿಯ ಕಣ್ಣಿಗೆ ಎರಡು ಗಾಯವೂ ಒಂದೇ ಥರ ಕಂಡರೂ ಒಬ್ಬರಿಗೆ ಚಿಕ್ಕ ಆಪರೇಷನ್, ಇನ್ನೊಬ್ಬರಿಗೆ ಇಡೀ ದಿನದ ಆಪರೇಷನ್ ಆಗುವುದು ಹೀಗೆ.

ಸೋಂಕಿನ ವಿಷಯದಲ್ಲಿ ಗೊಂದಲ ಜಾಸ್ತಿ. ತೆರೆದ ಗಾಯ ಅಂದಮೇಲೆ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಹತ್ತಿಯಿಂದ ಒರೆಸಿ ಕಳಿಸಿದ ಸ್ವಾಬ್ ರಿಪೋರ್ಟಿನಲ್ಲಿ ಯಾವುದೋ ಬ್ಯಾಕ್ಟೀರಿಯಾದ ಹೆಸರು ಬಂತು ಅಂದಮಾತ್ರಕ್ಕೆ ಆಂಟಿಬಯಾಟಿಕ್ ಬೇಕೆಂದಲ್ಲ. ಎಷ್ಟಿವೆ, ಎಷ್ಟು ಆಳಕ್ಕೆ ಇಳಿದಿವೆ ಎನ್ನುವುದು ಮುಖ್ಯ. ಒಂದು ಗ್ರಾಂ ಮಾಂಸದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಇದ್ದರೆ ಗ್ರಾಫ್ಟ್ ಕೈಕೊಡುವ ಸಾಧ್ಯತೆ ಹೆಚ್ಚು ಎಂಬುದು ಸರ್ಜನ್‌ಗಳು ಬಹಳ ಕಾಲದಿಂದ ಇಟ್ಟುಕೊಂಡಿರುವ ಅಳತೆ. ಬೀಟಾ ಹೀಮೊಲಿಟಿಕ್ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಹೊರತು. ಅದು ಕಡಿಮೆ ಇದ್ದರೂ ಹಾಕಿದ ಚರ್ಮವನ್ನು ಕರಗಿಸಿಬಿಡಬಲ್ಲದು. ಅದು ಸಿಕ್ಕಿದರೆ ಚಿಕಿತ್ಸೆ ಮುಗಿಯುವವರೆಗೆ ಗ್ರಾಫ್ಟ್ ಮುಂದಕ್ಕೆ ಹೋಗುತ್ತದೆ.

ಮೂಳೆಗೆ ಸೋಂಕು ತಗುಲಿದೆಯಾ ಎನ್ನುವುದು ಇನ್ನೊಂದು ದೊಡ್ಡ ಪ್ರಶ್ನೆ. ಲೋಹದ ಕಡ್ಡಿ ಗಾಯದೊಳಗೆ ಇಳಿದು ಗಟ್ಟಿ ಮೂಳೆಗೆ ತಾಗಿದರೆ ಅನುಮಾನ ಬಲವಾಗುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಹಾಳಾದದ್ದು ಕಾಣಲು ಸುಮಾರು ಎರಡು ವಾರ ಹಿಡಿಯುತ್ತದೆ. ಆದ್ದರಿಂದ ಮೊದಲ ಎಕ್ಸ್‌ರೇ ಸರಿಯಿದೆ ಅಂದಾಕ್ಷಣ ಮೂಳೆ ಸರಿಯಿದೆ ಅಂತಲ್ಲ. ಎಂಆರ್‌ಐ ಬೇಗ ಹೇಳುತ್ತದೆ. ಪಕ್ಕಾ ಉತ್ತರ ಬೇಕಾದಾಗ ಮೂಳೆಯ ಚೂರನ್ನೇ ಪರೀಕ್ಷೆಗೆ ಕಳಿಸುತ್ತಾರೆ. ಕೊಳೆತ ಮೂಳೆಯ ಮೇಲೆ ಒಳ್ಳೆ ಫ್ಲಾಪ್ ಮುಚ್ಚಿದರೆ ಕೆಲವು ವಾರಗಳಲ್ಲಿ ಕೀವು ಪಕ್ಕದಿಂದ ದಾರಿ ಮಾಡಿಕೊಂಡು ಹೊರಗೆ ಬರುತ್ತದೆ.

ರಕ್ತ ಅಲ್ಲಿಗೆ ತಲುಪುತ್ತಿದೆಯಾ?

ನನ್ನ ಪ್ರಕಾರ ಕಾಲಿನ ಗಾಯದಲ್ಲಿ ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿಲ್ಲ. ಶುರುವಾಗುವುದು ಬೆರಳಿನಿಂದಲೇ. ಪಾದದ ಮೇಲೆ, ಗಣಕಾಲಿನ ಹಿಂದೆ ನಾಡಿ ಸಿಗುತ್ತದಾ ಎಂದು ಮುಟ್ಟಿ ನೋಡುತ್ತಾರೆ. ಆಮೇಲೆ ಬಿಪಿ ಪಟ್ಟಿ ಮತ್ತು ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ, ಕೈಯಲ್ಲಿ ಹಿಡಿಯುವ ಡಾಪ್ಲರ್ ಯಂತ್ರದಿಂದ ಗಣಕಾಲಿನ ಬಿಪಿ ಅಳೆದು, ಅದನ್ನು ತೋಳಿನ ಬಿಪಿಯಿಂದ ಭಾಗಿಸುತ್ತಾರೆ. ಇದಕ್ಕೆ ಎಬಿಪಿಐ ಎಂದು ಹೆಸರು. ಆರೋಗ್ಯವಂತರಲ್ಲಿ ಗಣಕಾಲಿನ ಬಿಪಿ ತೋಳಿನಷ್ಟೇ ಅಥವಾ ಸ್ವಲ್ಪ ಹೆಚ್ಚು ಇರುತ್ತದೆ, ಅಂದರೆ ಉತ್ತರ 1ರ ಆಸುಪಾಸು. 0.9ಕ್ಕಿಂತ ಕಡಿಮೆ ಬಂದರೆ ದಾರಿಯಲ್ಲಿ ಎಲ್ಲೋ ರಕ್ತನಾಳ ಕಿರಿದಾಗಿದೆ. ತೋಳಿನಲ್ಲಿ 140, ಗಣಕಾಲಿನಲ್ಲಿ 70 ಇದ್ದರೆ ಉತ್ತರ 0.5. ಅಷ್ಟು ಕಡಿಮೆ ಇದ್ದಾಗ ರಕ್ತದ ದಾರಿ ಸರಿಮಾಡದೆ ಚರ್ಮ ಹಾಕುವುದು ಚರ್ಮ ಕಳೆದುಕೊಳ್ಳುವ ಕೆಲಸ.

ಈ ಲೆಕ್ಕಕ್ಕೂ ಒಂದು ಮೋಸ ಇದೆ. ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಬಹಳ ಕಾಲದಿಂದ ಇರುವವರಲ್ಲಿ ರಕ್ತನಾಳದ ಗೋಡೆಗೆ ಸುಣ್ಣದಂಶ ಸೇರಿ ಗಟ್ಟಿಯಾಗಿರುತ್ತದೆ. ಬಿಪಿ ಪಟ್ಟಿ ಎಷ್ಟು ಬಿಗಿದರೂ ಅದು ಒತ್ತಿಕೊಳ್ಳುವುದಿಲ್ಲ. ಆಗ ಉತ್ತರ 1.4ಕ್ಕಿಂತ ಮೇಲೆ ಹೋಗುತ್ತದೆ. ಕೆಲವೊಮ್ಮೆ ಇನ್ನೂ ಮೋಸದ್ದು, ಕೆಟ್ಟ ಕಾಲಿನಲ್ಲೂ ಸರಿಯಾದ ಅಂಕಿಯೇ ಬರುತ್ತದೆ. ಅದಕ್ಕೇ ಇಂಥವರಿಗೆ ಹೆಬ್ಬೆರಳಿನ ಬಿಪಿ ನೋಡುತ್ತಾರೆ, ಬೆರಳಿನ ಸಣ್ಣ ನಾಳಗಳು ಅಷ್ಟು ಗಟ್ಟಿಯಾಗುವುದಿಲ್ಲ. ಅಲ್ಲಿ 30ಕ್ಕಿಂತ ಕಡಿಮೆ ಇದ್ದರೆ ಗಾಯ ಮಾಯುವುದು ಕಷ್ಟ. ಚರ್ಮದ ಮೇಲೆ ಅಂಟಿಸುವ ಸಾಧನದಿಂದ ಅಲ್ಲಿಗೆ ಆಮ್ಲಜನಕ ಎಷ್ಟು ತಲುಪುತ್ತಿದೆ ಎಂದು ಅಳೆಯುವುದೂ ಉಂಟು.

ಅಂಕಿ ಕೆಟ್ಟದಿದ್ದರೆ ಸ್ಕ್ಯಾನ್ ಅಥವಾ ಆಂಜಿಯೋಗ್ರಾಂ ಮಾಡಿ ಅಡ್ಡಿ ಎಲ್ಲಿದೆ ಎಂದು ಹುಡುಕುತ್ತಾರೆ. ರಕ್ತನಾಳದ ಸರ್ಜನ್ ಬಲೂನ್ ಹಾಕಿ ಅಗಲ ಮಾಡುತ್ತಾರೆ, ಇಲ್ಲವೇ ಬೈಪಾಸ್ ಮಾಡುತ್ತಾರೆ. ಗಾಯ ಮುಚ್ಚುವ ಆಪರೇಷನ್ ಆಮೇಲೆ. ರಕ್ತದ ದಾರಿ ಸರಿಯಾದ ಮೇಲೆ ಗಾಯ ತಾನೇ ಕಿರಿದಾಗಿ, ದೊಡ್ಡ ಫ್ಲಾಪ್ ಬದಲು ಚಿಕ್ಕ ಗ್ರಾಫ್ಟ್ ಸಾಕಾಗುವುದೂ ಇದೆ. ಕಾಲಿಗೆ ಬಿಗಿಯಾದ ಬ್ಯಾಂಡೇಜ್ ಸುತ್ತುವ ಮೊದಲೂ ಇದೇ ಪರೀಕ್ಷೆ ಬೇಕು. ರಕ್ತ ಕಡಿಮೆ ಇರುವ ಕಾಲಿಗೆ ಬಿಗಿ ಬ್ಯಾಂಡೇಜ್ ಸುತ್ತಿದರೆ ಬರುತ್ತಿದ್ದ ಅಷ್ಟಿಷ್ಟು ರಕ್ತವೂ ನಿಂತೀತು.

ಶುಗರ್, ಪ್ರೊಟೀನ್, ಹಿಮೋಗ್ಲೋಬಿನ್

ಆ ದಿನ ಬೆಳಗಿನ ಶುಗರ್ ನೋಡಿದರೆ ಸಾಲದು. ಎಚ್‌ಬಿಎ1ಸಿ ಎನ್ನುವ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಯಾಕೆಂದರೆ ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ, ಸಕ್ಕರೆಯ ಗುರುತು ಅವುಗಳ ಮೇಲೆ ಉಳಿದಿರುತ್ತದೆ. ಇದು 8ರ ಮೇಲಿದ್ದರೆ, ಅವಸರವಿಲ್ಲದ ಆಪರೇಷನ್ ಆದರೆ, ಮುಂದೂಡುವ ಸರ್ಜನ್‌ಗಳು ಅನೇಕರು. ಶುಗರ್ ಹೆಚ್ಚಿದ್ದಾಗ ಬಿಳಿ ರಕ್ತಕಣಗಳು ಮಂಕಾಗುತ್ತವೆ, ಸೋಂಕಿನ ಜೊತೆ ಸರಿಯಾಗಿ ಹೋರಾಡುವುದಿಲ್ಲ. ತಿರುಗುಮುರುಗಾಗಿಯೂ ನಡೆಯುತ್ತದೆ. ಕೀವು ತುಂಬಿದ ಗಾಯ ಇರುವವರೆಗೆ ಶುಗರ್ ಇಳಿಯುವುದೇ ಇಲ್ಲ. ಅಂಥವರಲ್ಲಿ ಮೊದಲು ಕೀವು, ಸತ್ತ ಮಾಂಸ ತೆಗೆದರೆ ಇನ್ಸುಲಿನ್ ಕೆಲಸ ಮಾಡತೊಡಗುತ್ತದೆ.

ಹೊಸ ಮಾಂಸ ಕಟ್ಟಲು ಪ್ರೊಟೀನ್ ಬೇಕು, ದೊಡ್ಡ ಗಾಯದಿಂದ ಒಸರುವ ನೀರಿನಲ್ಲಿ ಅದೇ ಪ್ರೊಟೀನ್ ದಿನವೂ ಸೋರಿಹೋಗುತ್ತಿರುತ್ತದೆ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೊಟೀನ್ ಡೆಸಿಲೀಟರ್‌ಗೆ 3.5 ಗ್ರಾಂಗಿಂತ ಕಡಿಮೆ ಇದ್ದರೆ ಎಚ್ಚರದ ಗಂಟೆ. ಆದರೆ ಸೋಂಕಿದ್ದಾಗಲೂ ಆಲ್ಬುಮಿನ್ ಇಳಿಯುತ್ತದೆ. ಹಾಗಾಗಿ ಬರಿ ಅಂಕಿ ನಂಬದೆ, ಕಳೆದ ಆರು ತಿಂಗಳಲ್ಲಿ ತೂಕ ಇಳಿದಿದೆಯಾ, ಊಟ ಸೇರುತ್ತಿದೆಯಾ, ಹಲ್ಲು ಸರಿಯಿದೆಯಾ ಎಂದೂ ಕೇಳುತ್ತಾರೆ. ಹಾಸಿಗೆ ಹುಣ್ಣಿನಂಥ ದೊಡ್ಡ ಗಾಯ ಇರುವವರಿಗೆ ದಿನಕ್ಕೆ ಒಂದು ಕೆಜಿ ದೇಹತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೊಟೀನ್ ಹೇಳುವುದು ವಾಡಿಕೆ. 60 ಕೆಜಿ ತೂಕದವರಿಗೆ 75ರಿಂದ 90 ಗ್ರಾಂ ಆಯಿತು. ಕಿಡ್ನಿ ತೊಂದರೆ ಇರುವವರು ಈ ಲೆಕ್ಕವನ್ನು ತಾವೇ ಹಾಕಿಕೊಳ್ಳಬಾರದು. ಆಲ್ಬುಮಿನ್ ಏರಲು ವಾರಗಳೇ ಬೇಕು, ಅರ್ಧದಷ್ಟು ಹೊಸದಾಗಲು ಸುಮಾರು 20 ದಿನ. ಒಂದು ಬಾಟಲಿ ಏರಿಸಿದರೆ ಕೆಲಸ ಮುಗಿಯುವುದಿಲ್ಲ.

ಹಿಮೋಗ್ಲೋಬಿನ್ ತೀರಾ ಕಡಿಮೆ ಇದ್ದರೆ ಅದನ್ನೂ ಮೊದಲೇ ಸರಿಪಡಿಸುತ್ತಾರೆ.

ಸಿಗರೇಟು, ಮಾತ್ರೆಗಳು

ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಜಾಗ ಆಕ್ರಮಿಸುತ್ತದೆ. ಫ್ಲಾಪ್‌ನ ತುದಿ ಮೊದಲೇ ತನ್ನ ರಕ್ತನಾಳದಿಂದ ಅತಿ ದೂರದಲ್ಲಿರುತ್ತದೆ. ಸೇದುವವರಲ್ಲಿ ಆ ತುದಿ ಕಪ್ಪಾಗುವುದು ಹೆಚ್ಚು. ಕನಿಷ್ಠ ನಾಲ್ಕು ವಾರ ಮೊದಲೇ ಬಿಟ್ಟರೆ ಗಾಯದ ತೊಡಕುಗಳು ಕಡಿಮೆಯಾಗುತ್ತವೆ. ಬಿಟ್ಟಿದ್ದೀರಾ ಎಂದು ನೋಡಲು ಮೂತ್ರ ಅಥವಾ ರಕ್ತದಲ್ಲಿ ಕೋಟಿನಿನ್ (ಮೈಯೊಳಗೆ ನಿಕೋಟಿನ್ ಬದಲಾಗಿ ಆಗುವ ವಸ್ತು) ಪರೀಕ್ಷೆ ಮಾಡಬಹುದು. ನಿಕೋಟಿನ್ ಗಮ್ ಅಗಿಯುವವರಿಗೂ, ತಂಬಾಕು ಜಗಿಯುವವರಿಗೂ ಅದರಲ್ಲಿ ಪಾಸಿಟಿವ್ ಬರುತ್ತದೆ. ಹಾಗಾಗಿ ಇದನ್ನು ಮುಚ್ಚಿಡದೆ ಮೊದಲೇ ಹೇಳುವುದು ಒಳ್ಳೆಯದು.

ಸ್ಟಿರಾಯ್ಡ್ ಗಾಯ ಮಾಯುವುದನ್ನು ನಿಧಾನ ಮಾಡುತ್ತದೆ, ಆದರೆ ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ದಿಢೀರನೆ ನಿಲ್ಲಿಸುವುದು ಜೀವಕ್ಕೇ ಅಪಾಯ. ರಕ್ತ ತೆಳುವಾಗಿಸುವ ಮಾತ್ರೆ ಮುಂದುವರಿದರೆ ಗ್ರಾಫ್ಟ್ ಅಡಿಯಲ್ಲಿ ರಕ್ತ ಸೇರಬಹುದು, ನಿಲ್ಲಿಸಿದರೆ ಹೃದಯದ ರಕ್ತನಾಳಕ್ಕೆ ಹಾಕಿದ ಸ್ಟೆಂಟ್ ಹೆಪ್ಪುಗಟ್ಟಿ ಮುಚ್ಚಿಕೊಳ್ಳಬಹುದು. ಈ ತಕ್ಕಡಿಯನ್ನು ಹೃದಯದ ಡಾಕ್ಟರು, ಸರ್ಜನ್ ಇಬ್ಬರೂ ಸೇರಿ ತೂಗಬೇಕು. ಶುಗರ್‌ಗೆ ಕೊಡುವ ಕೆಲವು ಮಾತ್ರೆಗಳನ್ನೂ ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ.

ಎಲ್ಲಿಂದ ತೆಗೆಯುವುದು?

ಗ್ರಾಫ್ಟ್‌ಗೆ ತೆಗೆಯುವ ಪದರ ಬಹುಪಾಲು 0.2ರಿಂದ 0.4 ಮಿಲಿಮೀಟರ್ ದಪ್ಪ ಅಷ್ಟೇ. ಕೂದಲಿನ ಬೇರುಗಳು ಕೆಳಗೇ ಉಳಿಯುವುದರಿಂದ ಅಲ್ಲಿ ಎರಡು ಮೂರು ವಾರದಲ್ಲಿ ಹೊಸ ಚರ್ಮ ಬರುತ್ತದೆ. ಮೊದಲ ಕೆಲವು ದಿನ ಅಸಲಿ ಗಾಯಕ್ಕಿಂತ ತೊಡೆಯೇ ಹೆಚ್ಚು ಉರಿಯುತ್ತದೆ ಎನ್ನುವವರು ಬಹಳ. ಇದನ್ನು ಮೊದಲೇ ಹೇಳದಿದ್ದರೆ ಏನೋ ಎಡವಟ್ಟಾಗಿದೆ ಅಂತ ರೋಗಿ ಗಾಬರಿಯಾಗುತ್ತಾರೆ.

ಫ್ಲಾಪ್‌ನಲ್ಲಿ ಯೋಚನೆ ಇನ್ನೂ ಆಳ. ಬೆನ್ನಿನ ದೊಡ್ಡ ಮಾಂಸಖಂಡ ತೆಗೆದರೆ ಹೆಚ್ಚಿನವರಿಗೆ ದಿನನಿತ್ಯದ ಕೆಲಸಕ್ಕೆ ಅಷ್ಟೇನೂ ತೊಂದರೆಯಿಲ್ಲ. ಆದರೆ ಊರುಗೋಲು ಹಿಡಿದು ನಡೆಯುವವರಿಗೆ, ಗಾಲಿಕುರ್ಚಿಯಿಂದ ಮಂಚಕ್ಕೆ ಕೈಯೂರಿ ಹೋಗುವವರಿಗೆ ಅದೇ ಆಸರೆ. ಮುಂಗೈಯಿಂದ ತೆಗೆಯುವುದಾದರೆ ಮಣಿಕಟ್ಟಿನ ಎರಡೂ ರಕ್ತನಾಳ ಒತ್ತಿಹಿಡಿದು, ಕಿರುಬೆರಳಿನ ಕಡೆಯದನ್ನು ಮಾತ್ರ ಬಿಟ್ಟು, ಅಂಗೈ ಮತ್ತೆ ಕೆಂಪಾಗುತ್ತದಾ ಎಂದು ನೋಡುತ್ತಾರೆ. ಕೆಂಪಾಗದಿದ್ದರೆ ಇನ್ನೊಂದು ನಾಳ ತೆಗೆಯುವ ಹಾಗಿಲ್ಲ. ಹಳೆಯ ಆಪರೇಷನ್ ಕಲೆ, ಹಿಂದೆ ರೇಡಿಯೇಷನ್ ಬಿದ್ದ ಜಾಗ ಎಲ್ಲವನ್ನೂ ಗುರುತು ಮಾಡಿಕೊಳ್ಳುತ್ತಾರೆ.

ಆಪರೇಷನ್ ಆದಮೇಲಿನ ದಿನಗಳು

ನಿಲ್ಲದೆ ಎರಡು ಅಂತಸ್ತು ಮೆಟ್ಟಿಲು ಹತ್ತುತ್ತೀರಾ ಎಂದು ಅರಿವಳಿಕೆ ಡಾಕ್ಟರು ಕೇಳುವುದು ಹೃದಯ, ಶ್ವಾಸಕೋಶದ ತಾಕತ್ತು ಅಂದಾಜಿಸಲು. ಫ್ರೀ ಫ್ಲಾಪ್ ಆಪರೇಷನ್ ಹಲವು ಗಂಟೆ ನಡೆಯುತ್ತದೆ. ಆಮೇಲೆ ಹಾಸಿಗೆಯಲ್ಲೇ ಇರಬೇಕಾದ ದಿನಗಳಲ್ಲಿ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನೂ ಲೆಕ್ಕ ಹಾಕುತ್ತಾರೆ.

ಹಾಸಿಗೆ ಹುಣ್ಣಿಗೆ ಫ್ಲಾಪ್ ಮಾಡಿದರೆ ಹಲವು ವಾರ ಆ ಭಾಗದ ಮೇಲೆ ಕೂರುವ ಹಾಗಿಲ್ಲ. ಮಗ್ಗುಲು ಬದಲಿಸುವವರು ಯಾರು? ಒತ್ತಡ ಹಂಚುವ ಹಾಸಿಗೆ ಇದೆಯಾ? ಕಾಲು ತಾನಾಗಿ ಸೆಟೆದುಕೊಳ್ಳುತ್ತದಾ? ಮಲಮೂತ್ರ ಗಾಯಕ್ಕೆ ತಾಗದಂತೆ ಏನು ವ್ಯವಸ್ಥೆ? ಈ ಹುಣ್ಣುಗಳು ಮರುಕಳಿಸುವುದು ಬಹಳ. ಅದಕ್ಕೇ ಸರ್ಜನ್ ಇಲ್ಲಿ ರೋಗಿಯ ಜೊತೆ ಮಾತಾಡಿದಷ್ಟೇ ಮನೆಯವರ ಜೊತೆಗೂ ಮಾತಾಡುತ್ತಾರೆ.

ರೋಗಿಗೆ ಏನು ಬೇಕು ಎನ್ನುವುದೂ ಪರೀಕ್ಷೆಯ ಭಾಗವೇ. ಕೆಟ್ಟ ಕಾಲನ್ನು ಉಳಿಸಲು ನಾಲ್ಕೈದು ಆಪರೇಷನ್, ವರ್ಷಗಟ್ಟಲೆ ಓಡಾಟ ಬೇಕಾಗಬಹುದು. ಅಷ್ಟಾದರೂ ಕಾಲು ಬಿರುಸಾಗಿ, ಮರಗಟ್ಟಿ ಉಳಿಯಬಹುದು. ಕೆಲವರಿಗೆ ಬೇಗ ಕಾಲು ತೆಗೆಸಿ ಕೃತಕ ಕಾಲಿನಲ್ಲಿ ಕೆಲಸಕ್ಕೆ ಮರಳುವುದೇ ಸರಿ ಅನ್ನಿಸುತ್ತದೆ, ಇನ್ನು ಕೆಲವರಿಗೆ ಹೇಗಾದರೂ ಸರಿ ಸ್ವಂತ ಕಾಲು ಬೇಕು. ತುಂಬಾ ನಿಶ್ಶಕ್ತರಾದವರಿಗೆ ಆಪರೇಷನ್ ಬೇಡ, ನೋವು ಮತ್ತು ವಾಸನೆ ಕಡಿಮೆ ಮಾಡುವ ಡ್ರೆಸ್ಸಿಂಗ್ ಸಾಕು ಎಂದು ತೀರ್ಮಾನಿಸುವುದೂ ಸರಿಯಾದ ಚಿಕಿತ್ಸೆಯೇ.

ಕಾಯಬಾರದ ಗಾಯಗಳು

ಇಷ್ಟೆಲ್ಲ ತಾಳ್ಮೆ ಹಳೆಯ ಗಾಯಗಳಿಗೆ. ಅಪಘಾತದಲ್ಲಿ ಮೂಳೆ ಮುರಿದು ಹೊರಗೆ ಬಂದಿದ್ದರೆ ಗಡಿಯಾರ ಓಡುತ್ತಿರುತ್ತದೆ. ಇಂಥ ಗಾಯಗಳನ್ನು ಚೆನ್ನಾಗಿ ಶುಚಿ ಮಾಡಿ 72 ಗಂಟೆಯೊಳಗೆ ಫ್ಲಾಪ್‌ನಿಂದ ಮುಚ್ಚಿದರೆ ಸೋಂಕು, ಫ್ಲಾಪ್ ಹಾಳಾಗುವುದು ಎರಡೂ ಕಡಿಮೆ ಎಂದು ಮಾರ್ಕೊ ಗೊಡಿನಾ ಎಂಬ ಸರ್ಜನ್ ತೋರಿಸಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ದೊಡ್ಡ ರಕ್ತನಾಳ ತೆರೆದುಕೊಂಡಿದ್ದರೂ ಕಾಯುವ ಹಾಗಿಲ್ಲ. ಮಾಂಸವನ್ನು ಗಂಟೆಗಂಟೆಗೂ ಕೊಳೆಸುತ್ತಾ ಹೋಗುವ ಸೋಂಕಿನಲ್ಲಿ ಸತ್ತ ಭಾಗ ಕತ್ತರಿಸಿ ತೆಗೆಯುವುದು ಆ ಕೂಡಲೇ ಆಗಬೇಕು. ಆದರೆ ಅದನ್ನು ಮುಚ್ಚುವುದು ಸೋಂಕು ಹತೋಟಿಗೆ ಬಂದಮೇಲೆ.

ಹೋಗುವಾಗ ಏನು ಒಯ್ಯಬೇಕು?

ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಇರಲಿ, ಗಿಡಮೂಲಿಕೆ ಔಷಧಿ ಇದ್ದರೆ ಅದೂ ಸೇರಲಿ. ಹಳೆಯ ಆಪರೇಷನ್ ಚೀಟಿಗಳು, ಸ್ಟೆಂಟ್ ಹಾಕಿಸಿದ್ದರೆ ಅದರ ಕಾರ್ಡು, ಯಾವ ಔಷಧಿ ಒಗ್ಗುವುದಿಲ್ಲ ಎಂಬ ಮಾಹಿತಿ ಬೇಕಾಗುತ್ತದೆ. ಗಾಯದ ಹಳೆಯ ಫೋಟೋಗಳು ಮೊಬೈಲಿನಲ್ಲಿದ್ದರೆ ತಾರೀಕಿನ ಕ್ರಮದಲ್ಲಿ ತೋರಿಸಿ. ನಾಲ್ಕು ವಾರದಲ್ಲಿ ಗಾಯ ಎಷ್ಟು ಕಿರಿದಾಯಿತು ಎನ್ನುವುದು ಡಾಕ್ಟರಿಗೆ ಬಹಳ ಹೇಳುತ್ತದೆ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು, ಪ್ರತಿ ಸಲ ಅಷ್ಟೇ ದೂರದಿಂದ, ಅದೇ ಬೆಳಕಿನಲ್ಲಿ ತೆಗೆದ ಫೋಟೋ ಆದರೆ ಇನ್ನೂ ಅನುಕೂಲ.